ಗುದ್ದಿನ ತೂಕ: ಹೆವಿವೇಟ್ ಬಾಕ್ಸರ್‌ನ ಹೊಡೆತದ ಬಲ ಅಂದಾಜಿಸುವುದು ಹೇಗೆ

ಹೆವಿವೇಟ್, ಅಂದರೆ ಬಾಕ್ಸಿಂಗ್‌ನ ಅತಿ ಭಾರದವರ ವಿಭಾಗದ ಪಂದ್ಯ ನೋಡುವಾಗ ಕಣ್ಣು ತಾನಾಗಿಯೇ ಹೊಡೆಯುವವನ ಕಡೆ ಓಡುತ್ತದೆ. ಅವನ ತೋಳು, ಭುಜ, ಬೀಸಿದ ರಭಸ. ಬಲ ಅಳೆಯಬೇಕೆಂದರೆ ಮೊದಲು ಬಿಡಬೇಕಾದ ಚಾಳಿ ಇದೇ. ಗುದ್ದಿನ ಲೆಕ್ಕ ಸಿಗುವುದು ಏಟು ತಿಂದವನ ಮೈಮೇಲೆ, ಅದರಲ್ಲೂ ಅವನ ಸೊಂಟದಿಂದ ಕೆಳಗೆ. ಏಟು ತಿಂದವನು ಯಾರು, ಎಂಥ ಗಟ್ಟಿಗ, ಆ ಹೊತ್ತಿಗೆ ಎಷ್ಟು ದಣಿದಿದ್ದ ಎಂಬುದನ್ನು ಸೇರಿಸಿದರೆ ಮಾತ್ರ ಆ ಲೆಕ್ಕ ಪೂರ್ತಿಯಾಗುತ್ತದೆ. ನಾಕ್‌ಔಟ್ ಶೇಕಡಾವಾರು, ಯಂತ್ರದ ಅಂಕಿ, ಸ್ನಾಯುವಿನ ಗಾತ್ರ ಇವೆಲ್ಲ ಆಮೇಲಿನ ಮಾತು.

ಮೊದಲು ಕಾಲು ನೋಡಿ

ಒಂದೇ ರೌಂಡನ್ನು ಮೂರು ಸಲ ನೋಡಬೇಕು. ಮೊದಲ ಸಲ ಮಾಮೂಲಿ ವೇಗದಲ್ಲಿ, ಧ್ವನಿ ಪೂರ್ತಿ ಬಂದ್ ಮಾಡಿ. ವೀಕ್ಷಕ ವಿವರಣೆಕಾರರ ಕೂಗು, ಪ್ರೇಕ್ಷಕರ ಆರ್ಭಟ ಸಾಧಾರಣ ಗುದ್ದನ್ನೂ ಸಿಡಿಲಾಗಿಸುತ್ತವೆ. ಎರಡನೇ ಸಲ ಪರದೆಯ ಮೇಲರ್ಧಕ್ಕೆ ಒಂದು ರಟ್ಟು ಹಿಡಿದು, ಏಟು ತಿನ್ನುವವನ ಕಾಲುಗಳನ್ನಷ್ಟೇ ನೋಡಿ. ಮೂರನೇ ಸಲ ಮಾತ್ರ ನಿಧಾನಗತಿ, ಅದೂ ಏಟು ಎಲ್ಲಿ ಬಿತ್ತು ಎಂದು ಗುರುತಿಸುವುದಕ್ಕೆ. ನಿಧಾನಗತಿಯಲ್ಲೇ ಶುರು ಮಾಡಿದರೆ ಮೋಸ ಹೋಗುತ್ತೀರಿ: ಕೆನ್ನೆ ಅಲುಗುವುದು, ಬೆವರು ಚಿಮ್ಮುವುದು ಜ್ಯಾಬ್‌ಗೂ (ಮುಂದಿನ ಕೈಯ ಚುರುಕು ನೇರ ಹೊಡೆತ) ಆಗುತ್ತದೆ, ಕೊಲ್ಲುವಂಥ ಓವರ್‌ಹ್ಯಾಂಡ್‌ಗೂ (ಹಿಂದಿನ ಕೈಯನ್ನು ಮೇಲಿಂದ ಬಾಗಿಸಿ ಬೀಸುವ ಗುದ್ದು) ಆಗುತ್ತದೆ.

ಕಾಲಿನಲ್ಲಿ ಏನು ಹುಡುಕಬೇಕು? ಬಾಕ್ಸರ್ ಹಿಂದಿನ ಕಾಲಿನ ಹಿಮ್ಮಡಿಯನ್ನು ಸ್ವಲ್ಪ ಎತ್ತಿಕೊಂಡೇ ಇರುತ್ತಾನೆ. ಏಟು ಬಿದ್ದ ಕೂಡಲೇ ಆ ಹಿಮ್ಮಡಿ ಚಪ್ಪಟೆಯಾಗಿ ನೆಲಕ್ಕೆ ಕೂತರೆ ಅದು ಮೊದಲ ಗುರುತು. ಮೊಣಕಾಲು ಒಂದು ಕ್ಷಣ ಸಡಿಲಗೊಂಡು ಮತ್ತೆ ಬಿಗಿದರೆ ಎರಡನೆಯದು. ಪಾದಗಳು ಒಂದನ್ನೊಂದು ಅಡ್ಡ ದಾಟಿದರೆ, ಇಲ್ಲವೇ ನಿಲುವು ಇದ್ದಕ್ಕಿದ್ದಂತೆ ಅಗಲವಾದರೆ, ಕಾಲು ಅವನ ಮಾತು ಕೇಳುತ್ತಿಲ್ಲ ಎಂದರ್ಥ. ಕೈಯೂರದೆ ಬೀಳುವುದು ಇದೆಲ್ಲಕ್ಕಿಂತ ಮೇಲಿನದು. ಎಚ್ಚರವಿದ್ದವನು ಬೀಳುವಾಗ ಕೈ ಚಾಚಿಯೇ ಚಾಚುತ್ತಾನೆ. ಕಡಿದ ಮರದಂತೆ ನೆಟ್ಟಗೆ ಬಿದ್ದವನು, ಅಥವಾ ಮುಂದಕ್ಕೆ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದವನು ಬೀಳುವ ಮೊದಲೇ ಪ್ರಜ್ಞೆ ಕಳೆದುಕೊಂಡಿರುತ್ತಾನೆ. ಹಿಂದಕ್ಕೆ ಬೀಳುವುದರಲ್ಲಿ ಎಷ್ಟೋ ಸಲ ತಳ್ಳುವಿಕೆಯ ಪಾಲೂ ಇರುತ್ತದೆ.

ಮುಖವನ್ನು ನಂಬಬೇಡಿ. 1977ರ ಸೆಪ್ಟೆಂಬರ್ 29ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅರ್ನಿ ಶೇವರ್ಸ್‌ನ ಬಲಗೈ ಎರಡನೇ ರೌಂಡಿನಲ್ಲಿ ಮುಹಮ್ಮದ್ ಅಲಿಗೆ ಸರಿಯಾಗಿಯೇ ತಗುಲಿತು. ಅಲಿ ತೂರಾಡುವ ನಾಟಕವಾಡಿ, ಕಣ್ಣರಳಿಸಿ ಅಣಕಿಸಿದ. ಶೇವರ್ಸ್ ಇದು ಬಲೆಯಿರಬಹುದೆಂದು ಅನುಮಾನಿಸಿ ಹಿಂದೆಗೆದ. ನಿಜಕ್ಕೂ ಅಲಿಯ ಕಾಲು ಸೋತಿತ್ತು. ಮುಖ ನೋಡಿದವನು ಅವಕಾಶ ಕಳೆದುಕೊಂಡ, ಅಲಿ 15 ರೌಂಡ್ ಮುಗಿಸಿ ಅಂಕಗಳ ಮೇಲೆ ಗೆದ್ದ.

ಒಂದೇ ಗುದ್ದು ಕಾಲನ್ನು ಎಷ್ಟು ಹೊತ್ತು ಕಸಿದುಕೊಳ್ಳಬಲ್ಲದು ಎನ್ನುವುದಕ್ಕೆ 1986ರ ನವೆಂಬರ್ 22ರ ಟೈಸನ್–ಬರ್ಬಿಕ್ ಪಂದ್ಯದ ಎರಡನೇ ರೌಂಡ್ ನೋಡಿ. 20 ವರ್ಷದ ಮೈಕ್ ಟೈಸನ್‌ನ ಎಡ ಹುಕ್ (ಮೊಣಕೈ ಮಡಿಚಿ ಪಕ್ಕದಿಂದ ಬೀಸುವ ಗುದ್ದು) ತಲೆಯ ಮೇಲ್ಭಾಗಕ್ಕೆ ಬಿತ್ತು. ಟ್ರೆವರ್ ಬರ್ಬಿಕ್ ಏಳಲು ಹೋಗಿ ಬಿದ್ದ, ಮತ್ತೆ ಎದ್ದು ರಿಂಗಿನ ಇನ್ನೊಂದು ಬದಿಗೆ ತೂರಿ ಬಿದ್ದ. ಗುದ್ದು ಒಂದು, ಬೀಳುವಿಕೆ ಮೂರು. ಅವನು ಎಚ್ಚರವಾಗಿಯೇ ಇದ್ದ, ಸಮತೋಲನ ಮಾತ್ರ ಹೋಗಿತ್ತು. ಪ್ರಜ್ಞೆ ತಪ್ಪಿಸುವ ಏಟು ಬೇರೆ, ಸಮತೋಲನ ಕಸಿಯುವ ಏಟು ಬೇರೆ. ಟಿಪ್ಪಣಿ ಬರೆದುಕೊಳ್ಳುವಾಗ ಎರಡನ್ನೂ ಬೇರೆ ಬೇರೆ ಗುರುತು ಮಾಡಿ.

ಕಾಲಿನ ನಂತರ ನಡವಳಿಕೆ. ಯಾರೂ ಬೀಳದ ರೌಂಡಿನಲ್ಲೂ ಬಲ ಕಾಣುತ್ತದೆ. ಮೊದಲ ಗಟ್ಟಿ ಏಟಿಗೆ ಮುಂಚೆ ಎದುರಾಳಿ ನಿಮಿಷಕ್ಕೆ ಎಷ್ಟು ಜ್ಯಾಬ್ ಎಸೆಯುತ್ತಿದ್ದ, ಆಮೇಲೆ ಎಷ್ಟು ಎಂದು ಎಣಿಸಿ. ಅರ್ಧಕ್ಕಿಳಿದರೆ, ಗಾರ್ಡ್, ಅಂದರೆ ಏಟು ತಡೆಯಲು ಎತ್ತಿಹಿಡಿದ ಕೈಗಳು, ಗದ್ದಕ್ಕೆ ಅಂಟಿಕೊಂಡರೆ, ಹಿಂದಿನ ಕಾಲು ಹಗ್ಗದ ಕಡೆ ಜಾರತೊಡಗಿದರೆ, ಆ ಗುದ್ದಿನ ತೂಕ ಅವನಿಗೆ ತಿಳಿದಿದೆ. ಗಾರ್ಡ್ ಮೇಲೆ ಬಿದ್ದ ಏಟಿಗೂ ಇಡೀ ಮೈ ಪಕ್ಕಕ್ಕೆ ಸರಿದರೆ ಅದು ಬಹಳ ದೊಡ್ಡ ಸಾಕ್ಷಿ. ತೋಳು ತಡೆದ ಮೇಲೂ ಉಳಿದ ಬಲ ಅದು. ಹೊಸಬರು ಇಂಥ ಏಟನ್ನು ‘ತಪ್ಪಿದ್ದು’ ಎಂದು ಬಿಟ್ಟುಬಿಡುತ್ತಾರೆ.

ಎಲ್ಲಿ ಬಿತ್ತು, ಕಂಡಿತ್ತೇ ಇಲ್ಲವೇ

ಮಿದುಳಿಗೆ ಹೆಚ್ಚು ಹಾನಿ ಮಾಡುವುದು ತಲೆ ಗಕ್ಕನೆ ತಿರುಗುವುದು. ಗದ್ದದ ತುದಿ ಕುತ್ತಿಗೆಯ ಅಕ್ಷದಿಂದ ದೂರ ಇರುವುದರಿಂದ ಅಲ್ಲಿಗೆ ಪಕ್ಕದಿಂದ ಬಿದ್ದ ಹುಕ್ ಸನ್ನೆಗೋಲಿನ ತುದಿ ಒತ್ತಿದಂತೆ ತಲೆಯನ್ನು ತಿರುಗಿಸುತ್ತದೆ. ಹಾಗಾಗಿ ಗದ್ದಕ್ಕೆ ತಗುಲಿ ಬೀಳಿಸಿದ ಸಾಧಾರಣ ಏಟಿಗಿಂತ ಹಣೆಗೆ ತಗುಲಿ ಕಾಲು ಸಡಿಲಿಸಿದ ಏಟಿಗೆ ಹೆಚ್ಚು ಅಂಕ ಕೊಡಿ. ಹಣೆ ತಲೆಬುರುಡೆಯ ಗಟ್ಟಿ ಭಾಗ, ಅನುಭವಿ ಬಾಕ್ಸರ್‌ಗಳು ಬೇಕೆಂದೇ ಅಲ್ಲಿ ಏಟು ತೆಗೆದುಕೊಳ್ಳುತ್ತಾರೆ.

ಪಕ್ಕೆಲುಬಿನ ಕೆಳಗೆ ಬಲಬದಿಗೆ, ಅಂದರೆ ಯಕೃತ್ತಿನ ಮೇಲೆ ಬಿದ್ದ ಎಡ ಹುಕ್‌ನ ಲೆಕ್ಕವೇ ಬೇರೆ. ಏಟು ಬಿದ್ದು ಒಂದೆರಡು ಹೆಜ್ಜೆ ಹಾಕಿದ ಮೇಲೆ ಮನುಷ್ಯ ಕುಸಿಯುತ್ತಾನೆ, ಕಣ್ಣು ತೆರೆದಿರುತ್ತದೆ, ಏಳಲಾಗುವುದಿಲ್ಲ. ಇದರಲ್ಲಿ ಬಲಕ್ಕಿಂತ ಗುರಿಯ ಪಾಲು ದೊಡ್ಡದು. ಬಲದ ಪಟ್ಟಿಯಲ್ಲಿ ಇದನ್ನು ಅರ್ಧ ಎಣಿಸಿ.

ಏಟು ಬರುವುದು ಕಂಡರೆ ಕುತ್ತಿಗೆ ಬಿಗಿಯುತ್ತದೆ, ಗದ್ದ ಎದೆಗೆ ಇಳಿಯುತ್ತದೆ, ತಲೆ ಮುಂಡದ ಜೊತೆ ಒಂದಾಗಿ ಅಲುಗಾಡುವುದು ಕಡಿಮೆಯಾಗುತ್ತದೆ. ಕಾಣದೆ ಬಂದ ಏಟಿಗೆ ಸಡಿಲ ಕುತ್ತಿಗೆ ಸಿಗುತ್ತದೆ. ಇನ್ನೊಂದು ವಿಷಯ: ಎದುರಾಳಿ ಮುಂದೆ ನುಗ್ಗಿ ಬರುತ್ತಿದ್ದರೆ ಅವನ ವೇಗವೂ ಏಟಿಗೆ ಸೇರುತ್ತದೆ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ, 13ನೇ ರೌಂಡಿನಲ್ಲಿ, ಜೆರ್ಸಿ ಜೋ ವಾಲ್ಕಾಟ್ ಮತ್ತು ರಾಕಿ ಮಾರ್ಸಿಯಾನೊ ಇಬ್ಬರೂ ಬಲಗೈ ಎಸೆದರು. ಮಾರ್ಸಿಯಾನೊನದು ಮೊದಲು ತಲುಪಿತು. ಕೈ ಹೋದ ದೂರ ಬಹಳ ಚಿಕ್ಕದು. ಅಂಕಗಳಲ್ಲಿ ಮುಂದಿದ್ದ ವಾಲ್ಕಾಟ್ ಹಗ್ಗಕ್ಕೆ ತೋಳು ಸಿಕ್ಕಿಸಿಕೊಂಡಂತೆ ಕೆಳಗೆ ಜಾರಿದ. ದೊಡ್ಡದಾಗಿ ಬೀಸಿದ ಗುದ್ದೇ ದೊಡ್ಡ ಗುದ್ದು ಎಂದುಕೊಂಡವರು ಈ ತುಣುಕನ್ನು ಹತ್ತು ಸಲ ನೋಡಬೇಕು. ಮಾರ್ಸಿಯಾನೊ ಆಗ ತೂಗುತ್ತಿದ್ದದ್ದು ಸುಮಾರು 84 ಕಿಲೋ ಮಾತ್ರ. ವೃತ್ತಿಪರ ಹೆವಿವೇಟ್ ಶುರುವಾಗುವುದೇ ಈಗ 90.7 ಕಿಲೋ ಮೇಲೆ.

ದಾಖಲೆ ಓದುವ ಕ್ರಮ

ಹೆಚ್ಚು ಜನ ಎಡವುವುದು ಇಲ್ಲಿ. ನಾಕ್‌ಔಟ್ ಶೇಕಡಾ ಎಂಬುದು ಒಂದು ಮೊತ್ತ, ಅದನ್ನು ಬಿಡಿಸಿ ನೋಡದೆ ಬೆಲೆ ಕಟ್ಟಬಾರದು.

ಮೊದಲು ಭಾಜಕ ಯಾವುದೆಂದು ನೋಡಿ. ಗೆಲುವುಗಳಿಂದ ಭಾಗಿಸಿದರೆ ಒಂದು ಉತ್ತರ, ಒಟ್ಟು ಪಂದ್ಯಗಳಿಂದ ಭಾಗಿಸಿದರೆ ಇನ್ನೊಂದು. ಮಾರ್ಸಿಯಾನೊ 49 ಪಂದ್ಯಗಳಲ್ಲಿ 43 ನಾಕ್‌ಔಟ್, ಸೋಲಿಲ್ಲ, ಆದ್ದರಿಂದ ಎರಡೂ ಒಂದೇ: 87.8. ಜಾರ್ಜ್ ಫೋರ್‌ಮನ್‌ನದು 76 ಗೆಲುವು, 5 ಸೋಲು, 68 ನಾಕ್‌ಔಟ್. ಗೆಲುವಿನ ಮೇಲೆ 89.5, ಒಟ್ಟು ಪಂದ್ಯಗಳ ಮೇಲೆ 84. ಹೋಲಿಸುವಾಗ ಎಲ್ಲರಿಗೂ ಒಟ್ಟು ಪಂದ್ಯವನ್ನೇ ಭಾಜಕವಾಗಿ ಇಟ್ಟುಕೊಳ್ಳಿ.

ಆಮೇಲೆ ಮೊದಲ 15–20 ಪಂದ್ಯಗಳನ್ನು ಪಕ್ಕಕ್ಕಿಡಿ. ಬೆಳೆಯುತ್ತಿರುವ ಹೆವಿವೇಟ್‌ಗೆ ಆ ಹಂತದಲ್ಲಿ ಸಿಗುವ ಎದುರಾಳಿಗಳು ಬಹುಪಾಲು ಸೋಲಲಿಕ್ಕೆಂದೇ ಬಂದವರು. ಉಳಿದದ್ದರಲ್ಲಿ ಪ್ರತಿ ನಿಲುಗಡೆಯನ್ನೂ, ಅಂದರೆ ಅವಧಿಗೆ ಮುಂಚೆ ಮುಗಿದ ಪ್ರತಿ ಗೆಲುವನ್ನೂ, ಬಗೆಯಿಂದ ವಿಂಗಡಿಸಿ: ಒಂದೇ ಏಟಿಗೆ ಮುಗಿದದ್ದು, ಒಂದು ಏಟು ಕಾಲು ಸೋಲಿಸಿ ನಂತರದ ಸರಣಿ ಮುಗಿಸಿದ್ದು, ರೌಂಡುಗಟ್ಟಲೆ ಹೊಡೆದು ಸವೆಸಿ ಮುಗಿಸಿದ್ದು, ಗಾಯ ಇಲ್ಲವೇ ಕಾರ್ನರ್‌ನವರು (ಬಾಕ್ಸರ್‌ನ ತರಬೇತುದಾರ, ಸಹಾಯಕರು) ಕೈಬಿಟ್ಟದ್ದರಿಂದ ನಿಂತದ್ದು. ಬಲದ ಸಾಕ್ಷಿಯಾಗಿ ಮೊದಲ ಎರಡನ್ನೇ ಪೂರ್ತಿ ಎಣಿಸಿ. ವಿಟಾಲಿ ಕ್ಲಿಚ್ಕೊ 45 ಗೆಲುವಿನಲ್ಲಿ 41 ನಾಕ್‌ಔಟ್ ಪಡೆದವನು, ಶೇಕಡಾ ಫೋರ್‌ಮನ್‌ಗಿಂತ ಮೇಲೆ. ಆದರೆ ಆ ಪಟ್ಟಿಯಲ್ಲಿ ಸವೆಸಿ ಮುಗಿಸಿದ್ದು ಬಹಳ. ಅದು ಅದ್ಭುತ ಬಾಕ್ಸಿಂಗ್, ಅಪ್ಪಟ ಒಂದೇಟಿನ ಬಲವಲ್ಲ.

ಕೊನೆಗೆ ಪ್ರತಿ ಎದುರಾಳಿಗೂ ಒಂದು ಪ್ರಶ್ನೆ ಕೇಳಿ: ಇವನನ್ನು ಬೇರೆ ಯಾರು ಬೀಳಿಸಿದ್ದಾರೆ? 1979ರಲ್ಲಿ ಶೇವರ್ಸ್ ಕೆನ್ ನಾರ್ಟನ್‌ನನ್ನು ಮೊದಲ ರೌಂಡಿನಲ್ಲೇ ಮುಗಿಸಿದ. ಕೇಳಲು ಭರ್ಜರಿ. ಆದರೆ 1974ರಲ್ಲಿ ಫೋರ್‌ಮನ್ ನಾರ್ಟನ್‌ನನ್ನು ಎರಡೇ ರೌಂಡಿನಲ್ಲಿ ಮುಗಿಸಿದ್ದ, 1981ರಲ್ಲಿ ಗೆರ್ರಿ ಕೂನಿಗೆ ಅದೇ ಕೆಲಸಕ್ಕೆ 54 ಸೆಕೆಂಡ್ ಸಾಕಾಯಿತು. ದೊಡ್ಡ ಹೊಡೆತಗಾರರ ಮುಂದೆ ನಾರ್ಟನ್ ನಿಲ್ಲುತ್ತಿರಲಿಲ್ಲ, ಆದ್ದರಿಂದ ಸ್ವಲ್ಪ ಕಳೆಯಿರಿ. ಶೇವರ್ಸ್‌ನ ಬಲಕ್ಕೆ ನಿಜವಾದ ಸಾಕ್ಷಿ ಅವನು ಸೋತ ಪಂದ್ಯದಲ್ಲಿದೆ. 1979ರ ಸೆಪ್ಟೆಂಬರ್‌ನಲ್ಲಿ ಲ್ಯಾರಿ ಹೋಮ್ಸ್‌ನನ್ನು ಏಳನೇ ರೌಂಡಿನಲ್ಲಿ ಒಂದೇ ಬಲಗೈಯಿಂದ ಉರುಳಿಸಿದ್ದು. ಹೋಮ್ಸ್ ಎದ್ದ, 11ನೇ ರೌಂಡಿನಲ್ಲಿ ಶೇವರ್ಸ್‌ನನ್ನೇ ನಿಲ್ಲಿಸಿದ. ದಾಖಲೆ ಪುಸ್ತಕದಲ್ಲಿ ಅದು ಬರೀ ಸೋಲು, ನಿಮ್ಮ ಪಟ್ಟಿಯಲ್ಲಿ ಅದು ಮೇಲಿನ ಸಾಲಿಗೆ ಹೋಗಬೇಕು.

ಇಡೀ ವೃತ್ತಿಜೀವನದಲ್ಲಿ ಹೋಮ್ಸ್‌ನನ್ನು ಅವಧಿಗೆ ಮುಂಚೆ ಮುಗಿಸಿದವನು ಒಬ್ಬನೇ, 1988ರ ಜನವರಿಯಲ್ಲಿ ಟೈಸನ್, ನಾಲ್ಕನೇ ರೌಂಡಿನಲ್ಲಿ. ಇಲ್ಲಿ ಕೂಡುವುದೂ ಇದೆ, ಕಳೆಯುವುದೂ ಇದೆ. ಹೋಮ್ಸ್‌ಗೆ ಆಗ 38 ವರ್ಷ, ಸುಮಾರು 21 ತಿಂಗಳು ರಿಂಗಿಗೆ ಇಳಿದಿರಲಿಲ್ಲ, ಅಷ್ಟನ್ನು ಕಳೆಯಿರಿ. ಆದರೆ ಆಮೇಲೂ ವರ್ಷಗಟ್ಟಲೆ ಆಡಿದ ಅವನನ್ನು ಮತ್ತೆ ಯಾರೂ ನಿಲ್ಲಿಸಲಿಲ್ಲ, ಅದನ್ನು ಕೂಡಿಸಿ. ಕೂಡಿದ್ದೇ ಹೆಚ್ಚಾಗಿ ಟೈಸನ್‌ನ ಪರವಾಗಿಯೇ ಉತ್ತರ ಬರುತ್ತದೆ.

ಗಟ್ಟಿ ಗದ್ದದ ಅಳತೆಗೋಲು ಬೇಕಾದರೆ ಕೆನಡಾದ ಜಾರ್ಜ್ ಚುವಾಲೊ ಇದ್ದಾನೆ. 93 ಪಂದ್ಯ, ಒಮ್ಮೆಯೂ ನೆಲಕ್ಕೆ ಬೀಳಲಿಲ್ಲ. ಜೋ ಫ್ರೇಜಿಯರ್ 1967ರಲ್ಲಿ, ಫೋರ್‌ಮನ್ 1970ರಲ್ಲಿ ಅವನನ್ನು ನಿಲ್ಲಿಸಿದರು. ಎರಡೂ ಸಲ ಅವನು ಕಾಲ ಮೇಲೇ ಇದ್ದ. ಚುವಾಲೊನನ್ನು ಬೀಳಿಸಲಿಲ್ಲ ಎಂಬುದು ಯಾರಿಗೂ ಕಳಂಕವಲ್ಲ. ಅವನನ್ನು ಫೋರ್‌ಮನ್ ಮೂರೇ ರೌಂಡಿನಲ್ಲಿ ರೆಫರಿ ಅಡ್ಡ ಬರುವ ಸ್ಥಿತಿಗೆ ತಂದದ್ದು, ಸಾಧಾರಣ ಎದುರಾಳಿಗಳ ಮೇಲಿನ ಹತ್ತು ನಾಕ್‌ಔಟ್‌ಗಳಿಗೆ ಸಮ.

ಪೂರ್ತಿ ಅವಧಿ ನಿಂತವರ ಪಟ್ಟಿಯನ್ನೂ ಓದಬೇಕು. ಟೈಸನ್ ಎದುರು 1987ರಲ್ಲಿ ಜೇಮ್ಸ್ ‘ಬೋನ್‌ಕ್ರಷರ್’ ಸ್ಮಿತ್ 12 ರೌಂಡ್ ಉಳಿದದ್ದು ತಬ್ಬಿಹಿಡಿದೇ. ಅದು ಟೈಸನ್‌ನ ಬಲದ ಕೊರತೆ ತೋರಿಸುವುದಿಲ್ಲ, ಕೈ ಕಟ್ಟಿಹಾಕಿದರೆ ಬಲ ಕೆಲಸ ಮಾಡದು ಎಂದಷ್ಟೇ ತೋರಿಸುತ್ತದೆ. ಡೇವಿಡ್ ಟೂವಾನದು ಇನ್ನೊಂದು ಬಗೆ. 1996ರಲ್ಲಿ ಜಾನ್ ರೂಯಿಜ್‌ನನ್ನು 19 ಸೆಕೆಂಡಿನಲ್ಲಿ ಮುಗಿಸಿದ ಆ ಎಡ ಹುಕ್, 2000ದಲ್ಲಿ ಲೆನಾಕ್ಸ್ ಲೂಯಿಸ್‌ನ ಉದ್ದ ಜ್ಯಾಬ್ ದಾಟಿ ಒಳಗೆ ಹೋಗಲೇ ಆಗಲಿಲ್ಲ. ಬಲ ಮತ್ತು ಬಲವನ್ನು ತಲುಪಿಸುವ ವಿದ್ಯೆ, ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ. ತಲುಪಿಸುವ ವಿದ್ಯೆಯಲ್ಲಿ ಜೋ ಲೂಯಿಸ್‌ನನ್ನು ಮೀರಿಸಿದ ಹೆವಿವೇಟ್ ಇಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಆರೆಂಟು ಅಂಗುಲ ಸಾಗುವ ಗುದ್ದು, ಎರಡೂ ಕೈಯಲ್ಲಿ, ನಿಲುವು ಕೆಡದೆ.

ಯಂತ್ರದ ಅಂಕಿಗಳನ್ನು ಎಷ್ಟು ನಂಬಬೇಕು

ಬ್ರಿಟನ್ನಿನ ಹೆವಿವೇಟ್ ಫ್ರಾಂಕ್ ಬ್ರೂನೊನ ಗುದ್ದನ್ನು ಪ್ರಯೋಗಾಲಯದಲ್ಲಿ ಅಳೆದು 1985ರಲ್ಲಿ ಪ್ರಕಟಿಸಿದರು: ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಗರಿಷ್ಠ ಬಲ 4096 ನ್ಯೂಟನ್, ಅಂದರೆ ಸುಮಾರು 420 ಕಿಲೋ ಭಾರದಷ್ಟು. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬೇರೆ ಬೇರೆ ತೂಕದ ಏಳು ಒಲಿಂಪಿಕ್ ಬಾಕ್ಸರ್‌ಗಳ ಸರಾಸರಿ ಬಲ 3427 ನ್ಯೂಟನ್, ವೇಗ ಸೆಕೆಂಡಿಗೆ 9.14 ಮೀಟರ್. ವೇಗ ನೋಡಿ, ಹೆಚ್ಚು ಕಡಿಮೆ ಒಂದೇ. ಹಾಗಾದರೆ ಬಲದ ವ್ಯತ್ಯಾಸ ಎಲ್ಲಿಂದ? ಏಟಿನ ಹಿಂದೆ ಒಂದಾಗಿ ನಿಂತ ದೇಹದ ಪಾಲಿನಿಂದ. ಏಟು ತಗುಲುವ ಕ್ಷಣ ಮಣಿಕಟ್ಟು, ಮೊಣಕೈ, ಭುಜ ಒಂದೇ ಕಂಬದಂತೆ ಬಿಗಿದಿದ್ದರೆ ಮೈಯ ತೂಕ ಮುಷ್ಟಿಗೆ ಬರುತ್ತದೆ. ಮಣಿಕಟ್ಟು ಬಾಗಿದರೆ ಬರೀ ಕೈಯ ತೂಕ.

ಬಲ ಹುಟ್ಟುವುದು ನೆಲದಿಂದ. 1985ರ ಒಂದು ಸೋವಿಯತ್ ಅಧ್ಯಯನ 120 ಬಾಕ್ಸರ್‌ಗಳ ನೇರ ಬಲಗೈ ಹೊಡೆತವನ್ನು ಬಿಡಿಸಿ ನೋಡಿತು. ನುರಿತವರಲ್ಲಿ ಕಾಲಿನ ಪಾಲು ಶೇ. 38, ಮುಂಡದ ತಿರುಗುವಿಕೆ ಶೇ. 37, ತೋಳು ಶೇ. 24ರಷ್ಟು. ಕಲಿಯುವವರಲ್ಲಿ ಕಾಲಿನ ಪಾಲು ಶೇ. 17ನ್ನೂ ಮುಟ್ಟಲಿಲ್ಲ. ಹೊಡೆಯುವವನನ್ನು ನೋಡಲೇಬೇಕೆಂದರೆ ಹಿಂದಿನ ಪಾದ ನೋಡಿ. ಹಿಮ್ಮಡಿ ಹೊರಕ್ಕೆ ತಿರುಗಿ, ಸೊಂಟ ಮೊದಲು, ಭುಜ ನಂತರ, ಮುಷ್ಟಿ ಕೊನೆಗೆ ಬಂದರೆ ಅದು ಪೂರ್ತಿ ಗುದ್ದು. ಪಾದ ಅಲುಗದೆ ಭುಜ ಮಾತ್ರ ಬೀಸಿದರೆ ತೋಳಿನ ಗುದ್ದು, ತೋಳು ಎಷ್ಟೇ ದಪ್ಪಗಿರಲಿ.

ಯಂತ್ರದ ಮಿತಿ ಏನು? ಅದು ನಿಂತಿರುತ್ತದೆ, ತಿರುಗಿ ಹೊಡೆಯುವುದಿಲ್ಲ. ಮಿಶ್ರ ಸಮರಕಲೆಯ (ಎಂಎಂಎ) ಹೆವಿವೇಟ್ ಫ್ರಾನ್ಸಿಸ್ ಎನ್‌ಗಾನೂ 2017ರಲ್ಲಿ ಪವರ್‌ಕ್ಯೂಬ್ ಎಂಬ ಯಂತ್ರಕ್ಕೆ ಹೊಡೆದು 129,161 ಎಂಬ ಅಂಕಿ ಪಡೆದ. ಆ ಏಕಮಾನ ಯಂತ್ರದ ಕಂಪನಿಯದೇ ಸ್ವಂತದ್ದು, ನ್ಯೂಟನ್‌ಗೆ ಹೋಲಿಸುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ ಅವನು ಟೈಸನ್ ಫ್ಯೂರಿಯನ್ನು ಮೂರನೇ ರೌಂಡಿನಲ್ಲಿ ಬೀಳಿಸಿದ, ಬಲ ಇದ್ದದ್ದು ನಿಜ. ಆದರೆ ಪಂದ್ಯ ಗೆದ್ದವನು ಫ್ಯೂರಿ. 2024ರ ಮಾರ್ಚ್‌ನಲ್ಲಿ ಆಂಥನಿ ಜೋಶುವಾ ಎನ್‌ಗಾನೂನನ್ನೇ ಎರಡು ರೌಂಡಿನಲ್ಲಿ ಮಲಗಿಸಿದ. ಯಂತ್ರದ ಅಂಕಿಯನ್ನು ಒಬ್ಬನದೇ ಹಿಂದಿನ-ಮುಂದಿನ ಗುದ್ದುಗಳ ಹೋಲಿಕೆಗೆ ಬಳಸಿ, ಇಬ್ಬರು ಬಾಕ್ಸರ್‌ಗಳ ಹೋಲಿಕೆಗೆ ಬೇಡ.

ಯಾವ ಕೈ, ಯಾವ ರೌಂಡ್

‘ಬಲಶಾಲಿ’ ಎಂದು ಬರೆದುಕೊಂಡು ಸುಮ್ಮನಾಗಬೇಡಿ. ಕೈ ಬರೆಯಿರಿ. ಫ್ರೇಜಿಯರ್‌ಗೆ ಎಡ ಹುಕ್ ಬ್ರಹ್ಮಾಸ್ತ್ರ. 1971ರ ಮಾರ್ಚ್ 8ರಂದು 15ನೇ ರೌಂಡಿನಲ್ಲಿ ಅಲಿಯನ್ನು ಅಂಗಾತ ಕೆಡವಿದ್ದು ಅದೇ. ಬಲಗೈಗೆ ಆ ಖ್ಯಾತಿಯಿಲ್ಲ. ಡಿಯಾಂಟೆ ವೈಲ್ಡರ್‌ಗೆ ಬಲಗೈ. ಫೋರ್‌ಮನ್‌ಗೆ ಎರಡೂ.

ರೌಂಡ್ ಕೂಡ ಬರೆಯಿರಿ. ಕೊನೆಯ ರೌಂಡುಗಳಲ್ಲಿ ಕಾಲು ಸೋತು ಉಸಿರು ಕಟ್ಟಿದಾಗಲೂ ಉಳಿಯುವ ಬಲ ಬಹಳ ಅಪರೂಪ. 1941ರಲ್ಲಿ ಅಂಕಗಳಲ್ಲಿ ಹಿಂದಿದ್ದ ಜೋ ಲೂಯಿಸ್ ಬಿಲ್ಲಿ ಕಾನ್‌ನನ್ನು 13ನೇ ರೌಂಡಿನಲ್ಲಿ ಮುಗಿಸಿದ. 1994ರ ನವೆಂಬರ್ 5ರಂದು 45 ವರ್ಷದ ಫೋರ್‌ಮನ್, ಒಂಬತ್ತು ರೌಂಡ್ ಸೋಲುತ್ತಾ ಬಂದು, ಹತ್ತನೆಯದರಲ್ಲಿ ಒಂದು ಗಿಡ್ಡ ಬಲಗೈಯಿಂದ ಮೈಕಲ್ ಮೂರರ್‌ನನ್ನು ಮಲಗಿಸಿದ. ವೇಗ, ಕಾಲ್ಚಳಕ ಹೋದ ಮೇಲೂ ಬಲ ಉಳಿಯುತ್ತದೆಂದು ಬಾಕ್ಸಿಂಗ್ ತರಬೇತುದಾರರು ಹೇಳುವುದು ಇಂಥದ್ದನ್ನು ಕಂಡೇ. ಆದರೆ ತಿರುವುಮುರುವೂ ಇದೆ: ಎದುರಾಳಿಯೂ ದಣಿದಿರುವುದರಿಂದ ಹತ್ತನೇ ರೌಂಡಿನ ಬೀಳುವಿಕೆ ಕೆಲವೊಮ್ಮೆ ಅಗ್ಗ. ಎದುರಾಳಿ ಆ ಹೊತ್ತಿಗೆ ಅಂಕಗಳಲ್ಲಿ ಮುಂದಿದ್ದು ಹುರುಪಿನಲ್ಲಿದ್ದನೋ, ಹಗ್ಗಕ್ಕೆ ಒರಗಿದ್ದನೋ ಎಂದು ಪರೀಕ್ಷಿಸಿ. ಕಾನ್, ಮೂರರ್ ಇಬ್ಬರೂ ಮುಂದಿದ್ದರು.

ಗ್ಲೌಸ್ ಬಗ್ಗೆ ಸ್ವಲ್ಪ. ಈಗಿನ ವೃತ್ತಿಪರ ಹೆವಿವೇಟ್‌ಗೆ 10 ಔನ್ಸ್. ಅಲಿಯ ಕಾಲದಲ್ಲಿ 8 ಔನ್ಸ್ ಬಳಕೆಯಲ್ಲಿತ್ತು. ಕುದುರೆಕೂದಲು ತುಂಬಿದ ಗ್ಲೌಸ್‌ನಲ್ಲಿ ಗೆಣ್ಣು ಹೆಚ್ಚು ಚುಚ್ಚುತ್ತದೆ, ಫೋಮ್ ತುಂಬಿದ್ದರಲ್ಲಿ ಏಟು ಹರಡಿಕೊಳ್ಳುತ್ತದೆ. ಕ್ಲೀಟೊ ರೇಯೆಸ್ ಗ್ಲೌಸ್‌ಗೆ ‘ಹೊಡೆತಗಾರರ ಗ್ಲೌಸ್’ ಎಂಬ ಹೆಸರು ಬಂದದ್ದು ಹೀಗೆ. ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಇದು ನೆನಪಿರಲಿ.

ಒಂದು ಅಭ್ಯಾಸ

ನೋಟ್‌ಬುಕ್ಕಿನಲ್ಲಿ ಒಂದು ಏಟಿಗೆ ಒಂದು ಸಾಲು: ರೌಂಡ್ ಮತ್ತು ಸಮಯ, ಕೈ ಮತ್ತು ಬಗೆ, ಬಿದ್ದ ಜಾಗ, ಕಂಡಿತ್ತೇ ಇಲ್ಲವೇ, ಕಾಲಿನ ಗುರುತು, ಎದ್ದು ಸರಿಹೋಗಲು ಹಿಡಿದ ಹೊತ್ತು. ಬಾಕ್ಸರ್ ಒಬ್ಬನ ಬಗ್ಗೆ ಮಾತಾಡಲು ಕನಿಷ್ಠ ಐದು ಒಳ್ಳೆಯ ಎದುರಾಳಿಗಳ ಪಂದ್ಯ ಬೇಕು.

ಶುರು ಮಾಡಲು ವೈಲ್ಡರ್–ಫ್ಯೂರಿ ಜೋಡಿಯಷ್ಟು ಒಳ್ಳೆಯದು ಬೇರೆ ಇಲ್ಲ. 2020ರ ಫೆಬ್ರವರಿಗೆ ಮುನ್ನ ವೈಲ್ಡರ್ 43 ಪಂದ್ಯಗಳಲ್ಲಿ 42 ಗೆದ್ದಿದ್ದ, 41 ನಾಕ್‌ಔಟ್. ಶೇಕಡಾ ನೋಡಿ ಮರುಳಾಗುವವರೂ, ‘ಎದುರಾಳಿಗಳು ದುರ್ಬಲರು’ ಎಂದು ತಳ್ಳಿಹಾಕುವವರೂ ಇಲ್ಲಿ ಸರಿಸಮ ತಪ್ಪು ಮಾಡುತ್ತಾರೆ. 2018ರ ಡಿಸೆಂಬರ್ 1ರ ಪಂದ್ಯದ 12ನೇ ರೌಂಡ್ ಹಾಕಿ. ಸುಮಾರು 96 ಕಿಲೋದ ವೈಲ್ಡರ್, 116 ಕಿಲೋದ ಫ್ಯೂರಿಯನ್ನು ಬಲಗೈ ಮತ್ತು ಬೀಳುತ್ತಿದ್ದಾಗಲೇ ತಗುಲಿದ ಎಡ ಹುಕ್‌ನಿಂದ ಅಂಗಾತ ಮಲಗಿಸಿದ. ಫ್ಯೂರಿಯ ಕೈ ನೋಡಿ, ನೆಲಕ್ಕೆ ಊರಿದನೇ? ಎರಡು ಏಟುಗಳಿಗೆ ಎರಡು ಸಾಲು ಬರೆಯಿರಿ, ಯಾವುದು ಕಾಲು ಕಸಿಯಿತು ಎಂದು ನಿರ್ಧರಿಸಿ. ಆಮೇಲೆ ಫ್ಯೂರಿ ಎಣಿಕೆ ಮುಗಿಯುವ ಮುನ್ನ ಎದ್ದದ್ದನ್ನು ವೈಲ್ಡರ್‌ನ ಸಾಲಿನಲ್ಲಿ ಕಳೆಯಬೇಡಿ, ಫ್ಯೂರಿಯ ಖಾತೆಗೆ ಜಮಾ ಮಾಡಿ. ಬೀಳಿಸುವುದು ಹೊಡೆದವನ ಬಲ, ಏಳುವುದು ಬಿದ್ದವನದು.

ಅದಾದ ಮೇಲೆ 2021ರ ಅಕ್ಟೋಬರ್ 9ರ ಮೂರನೇ ಪಂದ್ಯ. ಮೂರನೇ ರೌಂಡಿನಲ್ಲಿ ವೈಲ್ಡರ್ ಬಿದ್ದ, ನಾಲ್ಕನೆಯದರಲ್ಲಿ ಫ್ಯೂರಿಯನ್ನು ಎರಡು ಸಲ ಬೀಳಿಸಿದ, 11ನೆಯದರಲ್ಲಿ ಫ್ಯೂರಿ ಮುಗಿಸಿದ. ನಾಲ್ಕನೇ ರೌಂಡಿಗೂ ಒಂಬತ್ತನೆಯದಕ್ಕೂ ವೈಲ್ಡರ್‌ನ ಹಿಂದಿನ ಪಾದ ಹೇಗೆ ತಿರುಗುತ್ತದೆ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿ. ಅವನು ಅಂದು 238 ಪೌಂಡ್, ಅಂದರೆ ಸುಮಾರು 108 ಕಿಲೋ ತೂಗಿದ್ದ. ಮೊದಲ ಪಂದ್ಯಕ್ಕಿಂತ ಸುಮಾರು 12 ಕಿಲೋ ಜಾಸ್ತಿ. ಆ ತೂಕ ಗುದ್ದಿಗೆ ಎಷ್ಟು ಸೇರಿತು, ಕಾಲಿನಿಂದ ಎಷ್ಟು ಕಸಿಯಿತು ಎಂಬುದನ್ನು ಎರಡೂ ಪಂದ್ಯಗಳ ಸಾಲುಗಳನ್ನು ಎದುರುಬದುರು ಇಟ್ಟು ನೀವೇ ಬರೆಯಬಹುದು.